ದ್ರೌಪದಿಯ ಚೌರಿ

ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ವಾರವೇ ನಾನು ‘ಕ್ಯಾರಿ’ ನೋಡಿದೆ. ಬ್ರಯಾನ್ ಡಿ ಪಾಲ್ಮಾ ನಿರ್ದೇಶನ, 1976ರ ಸಿನಿಮಾ. ಪಿಯುಸಿ ಓದುವ ಮಗಳಿಗೆ ಹಾರರ್ ಅಂದ್ರೆ ಪ್ರಾಣ, ಪಕ್ಕದಲ್ಲಿ ಕೂರಿಸಿಕೊಂಡಳು.

ಶಾಲೆಯಲ್ಲಿ ಎಲ್ಲರೂ ಗೋಳು ಹೊಯ್ದುಕೊಳ್ಳುವ ಹುಡುಗಿ ಕ್ಯಾರಿ. ಒಂದು ರಾತ್ರಿ ಶಾಲೆಯ ಪಾರ್ಟಿಯಲ್ಲಿ ಅವಳಿಗೆ ರಾಣಿ ಪಟ್ಟ ಸಿಗುತ್ತದೆ. ಅದೂ ಮೋಸದ ಓಟು. ತಲೆಯ ಮೇಲೆ, ತೊಲೆಯಲ್ಲಿ ಬಕೆಟ್. ಅದರ ತುಂಬ ಹಂದಿಯ ರಕ್ತ. ಕೆಳಗೆ ಅಡಗಿದವಳು ಹಗ್ಗ ಎಳೆಯುತ್ತಾಳೆ.

ರಕ್ತಕ್ಕೆ ನಾನು ಹೆದರಲಿಲ್ಲ. ಆಮೇಲಿನದು ಇದೆಯಲ್ಲ, ಅದು. ಎಲ್ಲರೂ ನಗುತ್ತಾರೆ ಅಂತ ತಾಯಿ ಮೊದಲೇ ಹೆದರಿಸಿದ್ದ ಮಾತು ಅವಳ ಕಿವಿಯಲ್ಲಿ ಸುತ್ತುತ್ತದೆ, ಮುಖಗಳು ಗಿರ್ರನೆ ತಿರುಗುತ್ತವೆ, ಆ ಮುಖಗಳ ನಡುವೆ ಅವಳ ಪರವಾಗಿ ನಿಂತಿದ್ದ ಪಿಟಿ ಟೀಚರ್ ಕೂಡ ಬಾಯಿ ತುಂಬ ನಗುತ್ತಿರುತ್ತಾರೆ. ನಿಜವಾಗಿ ಆ ಟೀಚರ್ ನಕ್ಕಿಲ್ಲ. ಅದು ಹುಡುಗಿಯ ಕಣ್ಣಿಗೆ ಕಂಡದ್ದು, ಅಷ್ಟೇ. ಆದರೆ ಬಾಗಿಲುಗಳು ಮುಚ್ಚಿಕೊಂಡ ಮೇಲೆ ಆ ಟೀಚರೂ ಉಳಿಯುವುದಿಲ್ಲ. ಮಗಳು ಆರಾಮಾಗಿ ಮಂಡಕ್ಕಿ ತಿಂತಿದ್ದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಯಾಕಂದ್ರೆ ನಮ್ಮ ಬಳ್ಳಾರಿಯಲ್ಲಿ, ನಾನು ಓದಿದ ಶಾಲೆಯ ಸ್ಟೇಜಿನ ಮೇಲೆ ನನಗೂ ಹಾಗೇ ಕಂಡಿತ್ತು.

ಮೇಷ್ಟ್ರು ಏನು ಪಾಠ ಮಾಡಿದರು ಅಂತ ಕೇಳಬೇಡಿ, ಒಂದು ಪದ್ಯವೂ ನೆನಪಿಲ್ಲ. ನೆನಪಿರುವುದು ನಾಟಕ. ರಂಗಭೂಮಿಯ ದೊಡ್ಡ ನಟ ಬಳ್ಳಾರಿ ರಾಘವರು ಓಡಾಡಿದ ಊರಲ್ಲಿ ಹುಟ್ಟಿ ಮಾತು ನುಂಗ್ತೀರಲ್ಲೋ ಅಂತ ಬೈಯುತ್ತಿದ್ದರು. ಬಾಯಲ್ಲಿ ಸದಾ ಎಲೆ ಅಡಿಕೆ, ಹೆಗಲ ಮೇಲೆ ಟವೆಲ್. ಹತ್ತನೇ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಕೌರವರ ಸಭೆ ಮಾಡಿಸಿದರು. ದ್ರೌಪದಿ ನಾನೇ. ಹೇಳಿಕೊಳ್ಳಬಾರದು, ಆದರೆ ಹುಡುಗರ ಪೈಕಿ ಅಷ್ಟು ಉದ್ದದ ಮಾತು ಹೇಳೋ ಗಂಟಲು ಬೇರೆ ಯಾರಿಗೂ ಇರಲಿಲ್ಲ.

ನಮ್ಮ ಗೆಳೆಯರು ಚೌರಿಗೆ ಗಾಳಿಪಟದ ದಾರ ಕಟ್ಟಿ ಪರದೆಯ ಕೋಲಿನ ಮೇಲಿಂದ ಇಳಿಬಿಟ್ಟಿದ್ದರು. ‘ಈ ಮುಡಿಯನ್ನು ಕಟ್ಟುವುದಿಲ್ಲ’ ಅಂತ ನಾನು ಕೈ ಎತ್ತಿದೆ, ಮುಡಿ ಸರ್ರಂತ ಮೇಲಕ್ಕೆ ಹೋಯಿತು. ಕೆಳಗೆ ನನ್ನ ಬೋಳು ಕ್ರಾಪು. ಮೈದಾನವೆಲ್ಲ ಒಂದೇ ನಗು, ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರ ಕೆಂಪು ಹಲ್ಲು ಕಂಡಿತು, ಇವರೂ ನಗ್ತಿದ್ದಾರೆ ಅಂದುಕೊಂಡೆ, ಕಾಲು ನಡುಗಿ ಓಡಿಹೋಗಬೇಕು ಅನ್ನಿಸಿತು.

ಅಷ್ಟರಲ್ಲಿ ಅವರು ಎದ್ದು ಸೀದಾ ಸ್ಟೇಜಿಗೇ ಬಂದರು. ವೇಷ ಇಲ್ಲ, ಬಣ್ಣ ಇಲ್ಲ. ಹೆಗಲ ಟವೆಲ್ ನನ್ನ ತಲೆಗೆ ಹೊದಿಸಿ, ವಿದುರನ ಗತ್ತಿನಲ್ಲಿ, ‘ಪಾಂಚಾಲೀ, ಈ ಪಾಪಿಗಳು ಮುಡಿಯನ್ನೂ ಕಿತ್ತರೇ? ಪ್ರತಿಜ್ಞೆ ನಿಲ್ಲದಿರಲಿ!’ ಅಂದರು. ನಗು ಹೋಗಿ ಸೀಟಿ, ಚಪ್ಪಾಳೆ. ಆ ಸಲ ಉತ್ತಮ ನಟನ ಕಪ್ಪು ನನಗೇ ಬಂತು, ಈಗಲೂ ಮನೆಯ ಶೋಕೇಸಿನಲ್ಲಿದೆ.

ಹೋದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬಾಡಿಗೆ ಡ್ಯಾನ್ಸ್ ಮಾಸ್ಟರ್, ದೊಡ್ಡ ಎಲ್‌ಇಡಿ ಪರದೆ, ಬರೀ ಸಿನಿಮಾ ಹಾಡು. ಒಂದು ಮಗು ಸ್ಟೆಪ್ ಮರೆತು ನಿಂತುಬಿಟ್ಟಿತು. ಟೀಚರುಗಳು ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡ್ತಾನೇ ಇದ್ದರು. ಆ ಮಗುವಿಗೆ ಅಲ್ಲಿಂದ ಏನು ಕಂಡಿತೋ.

ದಾರ ಕಟ್ಟಿದ್ದು ಯಾರು ಅಂತ ಮೇಷ್ಟ್ರು ಕೊನೆವರೆಗೂ ಕೇಳಲಿಲ್ಲ. ಅವನು ಈಗ ಈ ಸಂಚಿಕೆಗೆ ಜಾಹೀರಾತು ಕೊಟ್ಟವರಲ್ಲಿ ಒಬ್ಬ, ಹಾಗಾಗಿ ನಾನೂ ಹೆಸರು ಬರೆಯಲ್ಲ.