ಎರಡೂ ಒಂದ ಅಲ್ಲೇನು?

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ. ಮೊನ್ನೆ ಬ್ಯಾಡಗಿಯಲ್ಲಿ ಕಾಕಾ ತಮ್ಮ ದಲಾಲಿ ಅಂಗಡಿಯಲ್ಲಿ ಕೂತು ಕೇಳಿದರು: "ಏನವ್ವಾ, ಬಿಎಸ್ಸಿಯೊಳಗ ಕೆಮಿಸ್ಟ್ರಿನೂ ಕಲತಿ, ಬಯೋಕೆಮಿಸ್ಟ್ರಿನೂ ಕಲತಿ. ಎರಡೂ ಒಂದ ಅಲ್ಲೇನು? ಅದೂ ಧಾರವಾಡ ಬಿಟ್ಟು ಆ ಸಣ್ಣ ಯೂನಿವರ್ಸಿಟಿಗೆ ಯಾಕ ಹೋದಿ?"

ಒಂದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಉಗುಳಿನಿಂದ.

ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಷ್ಟವನ್ನು ಒಡೆದು ಸಕ್ಕರೆ ಮಾಡಬೇಕಿತ್ತು. ಗಂಜಿಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕುದಿಸುತ್ತಾ ನಿಂತೆವು. ಅದೇ ವಾರ ಬಯೋಕೆಮಿಸ್ಟ್ರಿ ಮೇಡಂ, "ಬಾಯಿ ಮುಕ್ಕಳಿಸಿ ಬೀಕರಿನಲ್ಲಿ ಉಗುಳಿರಿ" ಅಂದರು. ನಾವು ಹುಡುಗಿಯರೆಲ್ಲ ಗೋಡೆ ಕಡೆ ಮುಖ ಮಾಡಿ ಉಗುಳಿದೆವು. ಆ ಉಗುಳನ್ನು ಗಂಜಿಗೆ ಬೆರೆಸಿ 37 ಡಿಗ್ರಿಯಲ್ಲಿ ಇಡಬೇಕು. ಅಷ್ಟರಲ್ಲಿ ಕರೆಂಟ್ ಹೋಯಿತು. ನೀರನ್ನು ಒಂದೇ ಬಿಸಿಯಲ್ಲಿ ಇಡುವ ವಾಟರ್ ಬಾತ್ ಬಂದ್. ಮೇಡಂ ಪ್ಲಾಸ್ಟಿಕ್ ಮಗ್ಗಿನಲ್ಲಿ ಬಿಸಿನೀರು, ತಣ್ಣೀರು ಬೆರೆಸಿ ಥರ್ಮಾಮೀಟರ್ ಕೈಗೆ ಕೊಟ್ಟರು. ಆರಿದಂಗೆಲ್ಲ ಚೂರು ಬಿಸಿನೀರು ಹಾಕುತ್ತಾ ಇರುವುದೇ ನನ್ನ ಕೆಲಸ.

ಬಿಳಿ ಟೈಲಿನ ಮೇಲೆ ಅಯೋಡಿನ್ ಹನಿಗಳ ಸಾಲು. ಪಿಷ್ಟ ಇದ್ದರೆ ಹನಿ ನೀಲಿಯಾಗುತ್ತದೆ. ನಿಮಿಷಕ್ಕೊಮ್ಮೆ ಒಂದೊಂದು ಹನಿಗೆ ಗಂಜಿ ಬಿಡುವುದು. ಮೊದಲನೆಯದು ನೀಲಿಗಪ್ಪಾಯಿತು. ಆಮೇಲೆ ನೇರಳೆ, ಆಮೇಲೆ ಕಂದು. ಕೊನೆಗೆ ಬಣ್ಣ ತಿರುಗಲೇ ಇಲ್ಲ, ಅಯೋಡಿನ್ನಿನ ಹಳದಿ ಹಂಗೇ ಉಳಿಯಿತು. ಪಿಷ್ಟ ಹೋಗಿತ್ತು. ಒಲೆ ಇಲ್ಲ, ಆಸಿಡ್ ಇಲ್ಲ.

ನನಗೆ ಜಾಣತನ ಹೊಳೆಯಿತು. ಆಸಿಡ್ಡೂ ಪಿಷ್ಟ ಒಡೆಯುತ್ತದೆ, ಉಗುಳೂ ಒಡೆಯುತ್ತದೆ. ಎರಡನ್ನೂ ಹಾಕಿದರೆ ಇನ್ನೂ ಬೇಗ ಆಗಬೇಕು, ಅಲ್ವಾ? ಇನ್ನೊಂದು ಟ್ಯೂಬಿಗೆ ಸುಮ್ನೆ ನಾಲ್ಕು ಹನಿ ಆಸಿಡ್ ಹಾಕಿದೆ. ಎಷ್ಟು ಹೊತ್ತಾದರೂ ನೀಲಿಯೇ. ಉಗುಳಿನಲ್ಲಿ ಪಿಷ್ಟ ಒಡೆಯುವುದು ಅಮೈಲೇಸ್ ಅನ್ನುವ ಪ್ರೋಟೀನು. ಆಸಿಡ್ ತಾಗಿದರೆ ಅದರ ಮಡಚಿದ ಆಕಾರ ಬಿಚ್ಚಿ ಕೆಲಸ ನಿಲ್ಲುತ್ತದೆ. ಕುದಿಸದೆ ಆಸಿಡ್ ಒಂದರಿಂದಲೇ ಪಿಷ್ಟ ಅಷ್ಟು ಬೇಗ ಒಡೆಯುವುದೂ ಇಲ್ಲ. ಮೇಡಂ ಬೈಯಲಿಲ್ಲ. "ಇದನ್ನೂ ರೆಕಾರ್ಡಿನಲ್ಲಿ ಬರಿ" ಅಂದರು.

ಹಾಗಂತ ಕಾಕಾ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 1897ರಲ್ಲಿ ಜರ್ಮನಿಯ ಕೆಮಿಸ್ಟ್ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಜೀವಕೋಶವೇ ಇಲ್ಲದ ಬರೀ ರಸದಿಂದ ಸಕ್ಕರೆ ಹುದುಗಿ ಬರುವುದನ್ನು ತೋರಿಸಿದ. ಬಯೋಕೆಮಿಸ್ಟ್ರಿಯ ಬುಡದಲ್ಲಿರುವ ಈ ಕೆಲಸಕ್ಕೆ 1907ರಲ್ಲಿ ನೊಬೆಲ್ ಸಿಕ್ಕಿದ್ದು ಕೆಮಿಸ್ಟ್ರಿಯಲ್ಲೇ.

ಇನ್ನು ಸಣ್ಣ ಯೂನಿವರ್ಸಿಟಿಯ ವಿಷಯ. ನಮ್ಮ ಬ್ಯಾಚಿನಲ್ಲಿ 14 ಜನ. ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ ಬ್ಯೂರೆಟ್‌ಗೆ ಪಾಳಿ ಹಚ್ಚಿದ್ದೇ ಇಲ್ಲ. ಬಣ್ಣ ಎಷ್ಟು ಗಾಢ ಅಂತ ಅಳೆಯುವ ಕಲರಿಮೀಟರ್ ಮಾತ್ರ ಒಂದೇ. ಮಿಶ್ರಣದಲ್ಲಿರುವುದನ್ನು ಬೇರೆ ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನೋಡಿದ್ದು ಬೋರ್ಡಿನ ಮೇಲೆ ಚಿತ್ರವಾಗಿ. ಆಮೇಲೆ ಒಂದು ಔಷಧಿ ಕಂಪನಿಯಲ್ಲಿ ನಿಜವಾದದ್ದರ ಮುಂದೆ ನಿಂತಾಗ ಸ್ವಿಚ್ ಎಲ್ಲಿದೆ ಅಂತ ಹುಡುಕಿದೆ. ಇದು ಕೊರತೆಯೇ, ಮುಚ್ಚಿಡುವುದಿಲ್ಲ. ಆದರೆ ಬ್ಯೂರೆಟ್‌ನಿಂದ ಹನಿ ಬಿಟ್ಟು ಕೈಯಿಂದ ಅಳೆಯುವ ಟೈಟ್ರೇಶನ್ನಿನಲ್ಲಿ ಅಲ್ಲಿ ನನಗಿಂತ ಜಾಸ್ತಿ ತಡಬಡಾಯಿಸಿದ್ದು ದೊಡ್ಡ ಕಾಲೇಜಿನವರು.

ಎರಡರಲ್ಲಿ ಒಂದನ್ನು ಹಗುರಾಗಿ ತಗೊಳ್ಳೋಣ ಅನ್ನುವವರಿಗೆ ಒಂದು ಮಾತು. ಐಐಟಿ ಎಂಎಸ್ಸಿಗೆ ಬರೆಯುವ ಜಾಮ್ ಪರೀಕ್ಷೆಯಲ್ಲಿ ಬಯೋಕೆಮಿಸ್ಟ್ರಿ ಅಂತ ಪೇಪರ್ರೇ ಇಲ್ಲ. ಕೆಮಿಸ್ಟ್ರಿ ಇದೆ, ಬಯೋಟೆಕ್ನಾಲಜಿ ಇದೆ. ಕೆಮಿಸ್ಟ್ರಿ ಬಿಟ್ಟವರು ಅಲ್ಲಿ ಒದ್ದಾಡುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಂತೂ ಎರಡಕ್ಕೂ ಬೇರೆ ಬೇರೆ ಎಂಎಸ್ಸಿ ಇದೆ.

ಕಾಕಾಗೆ ಇಷ್ಟೆಲ್ಲ ಹೇಳಲಿಲ್ಲ. ಚೀಲದಿಂದ ಒಂದು ಮೆಣಸಿನಕಾಯಿ ತೆಗೆದೆ. "ಇದರ ಕೆಂಪಿಗೆ ಕ್ಯಾಪ್ಸ್ಯಾಂಥಿನ್ ಅಂತಾರ, ಕಾಕಾ. ಎಣ್ಣಿಯೊಳಗ ಕರಗತೈತಿ, ನೀರಾಗ ಕರಗೂದಿಲ್ಲ. ಅದನ್ನ ಬ್ಯಾರೆ ಮಾಡಿ ತಗಿಯೂದು ಕೆಮಿಸ್ಟ್ರಿ. ಹಸರ ಕಾಯಿ ಗಿಡದಾಗ ಇದ್ದಕೊಂತ ಅದನ್ನ ಹ್ಯಾಂಗ ಮಾಡಿಕೊಂತು ಅನ್ನೂದು ಬಯೋಕೆಮಿಸ್ಟ್ರಿ."

ಕಾಕಾ ಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಹಂಗಾರ ಈ ಸಲ ಬಣ್ಣ ಯಾಕ ಕಡಿಮಿ ಬಂದೈತಿ, ಅದನ್ನ ಹೇಳು."