‘ಅಮ್ಮನಿಗೆ ಮೆಟ್ಟಿಲು ಆಗಲ್ಲ, ಬೇಕಲದಲ್ಲಿ ಎಲ್ಲಿ ಉಳಿಯೋದು?’

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನ್‌ಗಳಲ್ಲಿ ಈ ಪ್ರಶ್ನೆಯೇ ಜಾಸ್ತಿ. ಬೆಂಗಳೂರಿನಿಂದ, ಮೈಸೂರಿನಿಂದ, ಶಿವಮೊಗ್ಗದಿಂದ ಕೇಳುತ್ತಾರೆ. ‘ಬೇಕಲ ಕೋಟೆ ನೋಡ್ಬೇಕು, ಮಧೂರು ದೇವಸ್ಥಾನಕ್ಕೆ ಹೋಗ್ಬೇಕು. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಆಗಲ್ಲ. ಒಂದು ಒಳ್ಳೇ ಹೋಟೆಲ್ ಹೆಸರು ಹೇಳಿ.’ ಕೆಲವೊಮ್ಮೆ ಅಮ್ಮನ ಜಾಗದಲ್ಲಿ ಪಾರ್ಶ್ವವಾಯು ಬಡಿದ ಅಪ್ಪ ಇರುತ್ತಾರೆ, ಕೆಲವೊಮ್ಮೆ ವೀಲ್‌ಚೇರಿನಲ್ಲಿ ಓಡಾಡುವ ಗೆಳತಿ. ನಾನು ಕಾಸರಗೋಡಿನವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ನಡೆದವಳು. ಈಗ ಹೊರಗೆ ಹೋದರೆ ವೀಲ್‌ಚೇರ್ ಬಳಸುತ್ತೇನೆ. ಹಾಗಾಗಿ ಇವಳಿಗೆ ಗೊತ್ತಿರುತ್ತದೆ ಎಂದು ನನ್ನನ್ನೇ ಕೇಳುತ್ತಾರೆ.

ನಾನು ಹೋಟೆಲ್ ಹೆಸರು ಹೇಳುವುದಿಲ್ಲ. ನನಗೆ ಚೆನ್ನಾಗಿ ಹೊಂದಿದ ಕೋಣೆ ನಿಮ್ಮ ಅಮ್ಮನಿಗೆ ಸ್ವಲ್ಪವೂ ಹೊಂದದೇ ಇರಬಹುದು. ಮೊಣಕಾಲು ನೋವಿನವರು ಹಿಡಿಕೆ ಇದ್ದರೆ ಎರಡು ಮೆಟ್ಟಿಲು ಹತ್ತಿಯಾರು, ಆದರೆ ಕಮೋಡ್ ತಗ್ಗಾಗಿದ್ದರೆ ಕೂತವರಿಗೆ ಏಳುವುದಕ್ಕೇ ಆಗುವುದಿಲ್ಲ. ವೀಲ್‌ಚೇರಿನವರಿಗೆ ಒಂದೇ ಒಂದು ಮೆಟ್ಟಿಲಿದ್ದರೂ ದಾರಿ ಅಲ್ಲಿಗೇ ಮುಗಿಯುತ್ತದೆ. ಬಲಭಾಗ ಸೋತವರಿಗೆ ಗೋಡೆಯ ಹಿಡಿಕೆ ಎಡಗೈಗೆ ಸಿಗಬೇಕು, ಬಲಕ್ಕಿದ್ದರೆ ಇದ್ದೂ ಇಲ್ಲದ ಹಾಗೆ. ‘ಡಿಸೇಬಲ್ಡ್ ಫ್ರೆಂಡ್ಲಿ’ ಎಂಬ ಒಂದೇ ಚೀಟಿ ಇವರೆಲ್ಲರಿಗೂ ಸಾಕಾಗುವುದಿಲ್ಲ, ಅಲ್ವಾ? ಅದಕ್ಕೇ ಹೋಟೆಲಿಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಕೂತು ಕೇಳಿಕೊಳ್ಳಿ. ಅಮ್ಮ ಎಷ್ಟು ಮೆಟ್ಟಿಲು ಹತ್ತುತ್ತಾರೆ? ಎಷ್ಟು ಎತ್ತರದ ಕುರ್ಚಿಯಿಂದ ತಾವೇ ಏಳುತ್ತಾರೆ? ರಾತ್ರಿ ಎಷ್ಟು ಸಲ ಬಾತ್‌ರೂಮಿಗೆ ಹೋಗುತ್ತಾರೆ? ಇದನ್ನು ಅಮ್ಮನ ಬಾಯಿಂದಲೇ ಕೇಳಬೇಕು. ಮಕ್ಕಳಿಗೆ ತೊಂದರೆ ಆಗಬಾರದು ಎಂದು ಅವರು ಎಷ್ಟೋ ವಿಷಯ ಹೇಳಿಯೇ ಇರುವುದಿಲ್ಲ.

ಆಮೇಲೆ ಹುಡುಕಾಟವನ್ನು ಬಾತ್‌ರೂಮಿನಿಂದ ಶುರು ಮಾಡಿ. ಎಲ್ಲರೂ ಗೇಟಿನಿಂದ ಶುರು ಮಾಡುತ್ತಾರೆ. ರ‍್ಯಾಂಪ್ ಇದೆಯಾ, ಲಿಫ್ಟ್ ಇದೆಯಾ ಎಂದು ಕೇಳಿ, ಇದೆ ಎಂದ ಕೂಡಲೇ ಹಣ ಕಟ್ಟುತ್ತಾರೆ. ಆದರೆ ಬಾಗಿಲಲ್ಲಿ ಮೆಟ್ಟಿಲಿದ್ದರೆ ದಿನಕ್ಕೆ ಎರಡು ಸಲ ಕಷ್ಟ, ಬಾತ್‌ರೂಮ್ ಸರಿ ಇಲ್ಲದಿದ್ದರೆ ಬೆಳಗಿನಿಂದ ರಾತ್ರಿವರೆಗೂ ಕಷ್ಟ. ಬಾತ್‌ರೂಮಿಗೆ ಹೋಗಲು ಆಗುವುದಿಲ್ಲ ಎಂದು ನೀರು ಕುಡಿಯುವುದನ್ನೇ ಬಿಡುವವರನ್ನು ನಾನು ಬಲ್ಲೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಅಪಾಯ. ರಜೆಗೆಂದು ಬಂದವರು ಬಾಯಾರಿಕೊಂಡು ಕೂರುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತದೆ.

ಕೇಳಬೇಕಾದದ್ದು ಅಳತೆ. ಸಾಮಾನ್ಯ ವೀಲ್‌ಚೇರಿನ ಅಗಲ 60ರಿಂದ 65 ಸೆಂ.ಮೀ. ಅದನ್ನು ತಳ್ಳುವ ಕೈಗಳಿಗೆ ಇನ್ನೂ ಸ್ವಲ್ಪ ಜಾಗ ಬೇಕು. ಸರಕಾರಿ ಮಾರ್ಗಸೂಚಿ ಹೇಳುವುದು 90 ಸೆಂ.ಮೀ. ಬಾಗಿಲು. ನಮ್ಮ ಕಡೆಯ ಲಾಡ್ಜುಗಳಲ್ಲಿ ಕೋಣೆಯ ಬಾಗಿಲು ಅಗಲವಾಗಿಯೇ ಇರುತ್ತದೆ, ಬಾತ್‌ರೂಮಿನದ್ದು ಎರಡು, ಎರಡೂವರೆ ಅಡಿ. ಅದರಲ್ಲೂ ಪ್ಲಾಸ್ಟಿಕ್ ಬಾಗಿಲು ಪೂರ್ತಿ ತೆರೆಯದೆ ಇನ್ನೊಂದೆರಡು ಇಂಚು ತಿಂದುಬಿಡುತ್ತದೆ. ಆದ್ದರಿಂದ ಬಾಗಿಲು ತೆರೆದಾಗ ಉಳಿಯುವ ಜಾಗವನ್ನೇ ಅಳೆದು ಹೇಳಿ ಎನ್ನಿ. ಒಳಗೆ ವೀಲ್‌ಚೇರ್ ತಿರುಗಬೇಕಾದರೆ ಸುಮಾರು ಒಂದೂವರೆ ಮೀಟರ್ ಬೇಕು. ಕಮೋಡಿನ ಎತ್ತರ 45ರಿಂದ 48 ಸೆಂ.ಮೀ. ಇದ್ದರೆ ಹೆಚ್ಚಿನವರಿಗೆ ಆಗುತ್ತದೆ. ಹಾಸಿಗೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ ಇರಲಿ. ದಪ್ಪ ಮ್ಯಾಟ್ರೆಸ್ ಹಾಕಿ ಎರಡೂವರೆ ಅಡಿ ಮಾಡಿದ ಹಾಸಿಗೆ ಚೆಂದ ಕಾಣುತ್ತದೆ, ವೀಲ್‌ಚೇರಿನಿಂದ ಅದಕ್ಕೆ ದಾಟುವುದು ಬೆಟ್ಟ ಹತ್ತಿದ ಹಾಗೆ.

ರ‍್ಯಾಂಪ್ ಇದೆ ಎಂದರೂ ಉದ್ದ ಕೇಳಿ. ಲೆಕ್ಕ 1ಕ್ಕೆ 12. ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 180 ಸೆಂ.ಮೀ. ಉದ್ದದ ಇಳಿಜಾರು. ಮೂರು ಮೆಟ್ಟಿಲಿದ್ದರೆ ಐದು ಮೀಟರಿಗಿಂತ ಜಾಸ್ತಿ. ಅಷ್ಟು ಜಾಗ ಬಿಡಲು ಮನಸ್ಸಿಲ್ಲದೆ ಕಡಿದಾಗಿ ಸಿಮೆಂಟ್ ಎಳೆದಿರುತ್ತಾರೆ. ಅದು ಸೂಟ್‌ಕೇಸಿನ ಗಾಲಿಗೆ ಸರಿ, ಮನುಷ್ಯರಿಗೆ ಸರಿಯಲ್ಲ. ಲಿಫ್ಟಿನ ವಿಷಯದಲ್ಲಿ ಎರಡು ಪ್ರಶ್ನೆ. ಲಿಫ್ಟಿನವರೆಗೆ ಮೆಟ್ಟಿಲಿದೆಯಾ? ಕರೆಂಟ್ ಹೋದಾಗ ಜನರೇಟರಿನಲ್ಲಿ ಲಿಫ್ಟ್ ಓಡುತ್ತದಾ, ಬರೀ ಲೈಟ್ ಉರಿಯುತ್ತದಾ?

ಫೋನಿನಲ್ಲಿ ರಿಸೆಪ್ಷನ್‌ನವರನ್ನು ಕೇಳಿದರೆ ‘ಎಲ್ಲ ಉಂಟು ಮೇಡಂ’ ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ, ಆ ಕೋಣೆಯನ್ನು ಅವರು ಹಾಗೆ ನೋಡಿರುವುದಿಲ್ಲ ಅಷ್ಟೆ. ಕೋಣೆ ಗುಡಿಸಿ ಒರೆಸುವವರನ್ನು ಫೋನಿಗೆ ಕರೆಯಿರಿ ಎನ್ನಿ. ಬಾತ್‌ರೂಮಿನ ನೆಲ ಎಷ್ಟು ತಗ್ಗಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಅವರಿಗೆ ಗೊತ್ತು. ಇಲ್ಲಿ ಕನ್ನಡ, ಮಲಯಾಳ, ತುಳು ಎಲ್ಲ ನಡೆಯುತ್ತದೆ. ಬೇಕಲದ ಕಡೆ ಕನ್ನಡ ಬಾರದವರು ಸಿಕ್ಕಿದರೆ ‘ಎತ್ರ ಪಡಿಯುಂಡ್’ ಎಂದು ಕೇಳಿ, ಮೆಟ್ಟಿಲು ಎಣಿಸಿ ಹೇಳುತ್ತಾರೆ. ನಾನು ಎಲ್ಲಕ್ಕಿಂತ ನಂಬುವುದು ವಿಡಿಯೋವನ್ನು. ಕಾರು ನಿಲ್ಲುವ ಜಾಗದಿಂದ ಹೊರಟು ಕಮೋಡಿನ ತನಕ, ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ ಕಳಿಸಿ ಎಂದು ಕೇಳುತ್ತೇನೆ. ಬಿಡಿ ಬಿಡಿ ಫೋಟೋಗಳ ನಡುವೆ ಮೆಟ್ಟಿಲು ಅಡಗುತ್ತದೆ. ಒಂದೇ ವಿಡಿಯೋದಲ್ಲಿ ಅಡಗುವುದಿಲ್ಲ. ಇಷ್ಟು ಕೇಳಿದರೆ ಕಿರಿಕಿರಿ ಮಾಡಿಕೊಳ್ಳುವ ಹೋಟೆಲಿಗೆ ಹೋಗಲೇಬೇಡಿ.

ಬೇಕಲದ ಸುತ್ತಮುತ್ತ ಯಾವ ತರಹದ ಜಾಗ ಹೇಗೆ ಎಂದು ಮಾತ್ರ ಹೇಳಬಲ್ಲೆ. ಸಮುದ್ರದ ಬದಿಯ ದೊಡ್ಡ ರೆಸಾರ್ಟುಗಳಲ್ಲಿ ನೆಲ ಸಮ, ಬಾತ್‌ರೂಮ್ ವಿಶಾಲ. ಆದರೆ ಜಾಗ ಎಕರೆಗಟ್ಟಲೆ. ಕೋಣೆಯಿಂದ ಊಟದ ಹಾಲಿಗೆ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುತ್ತಾರೆ, ಆ ಗಾಡಿಯ ಮೆಟ್ಟಿಲೇ ಎತ್ತರ. ವೀಲ್‌ಚೇರ್ ಅದರಲ್ಲಿ ಹಿಡಿಯುವುದಿಲ್ಲ. ಊಟದ ಹಾಲಿಗೆ ಹತ್ತಿರದ ಕೋಣೆಯನ್ನೇ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಮಾತು. ಸ್ಟಾರ್ ದರ್ಜೆ ಬೇಕಾದ ಹೋಟೆಲಿನಲ್ಲಿ ಕನಿಷ್ಠ ಒಂದು ಕೋಣೆಯಾದರೂ ಅಂಗವಿಕಲ ಅತಿಥಿಗಳಿಗೆ ತಕ್ಕಂತೆ ಇರಬೇಕು ಎಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮವಿದೆ. ‘ಇದೆಯಾ’ ಎನ್ನುವ ಬದಲು ‘ಆ ಕೋಣೆಯ ನಂಬರ್ ಎಷ್ಟು’ ಎಂದು ಕೇಳಿ.

ಹೋಂಸ್ಟೇಗಳ ಬಗ್ಗೆ ಹೇಳುವಾಗ ನನಗೇ ಬೇಸರವಾಗುತ್ತದೆ, ಏಕೆಂದರೆ ನನ್ನೂರಿನ ಸೊಗಸು ಇರುವುದು ಅಲ್ಲೇ. ಹಂಚಿನ ಮಾಡು, ಮುರಕಲ್ಲಿನ ಗೋಡೆ, ಅಡಿಕೆ ತೋಟ, ಬೆಳಗ್ಗೆ ನೀರುದೋಸೆ. ಆದರೆ ನಮ್ಮಲ್ಲಿ ಮಳೆ ಜಾಸ್ತಿ, ಹಾಗಾಗಿ ಹಳೆಯ ಮನೆಗಳ ಅಡಿಪಾಯವೇ ಎತ್ತರ. ಅಂಗಳದಿಂದ ಜಗಲಿಗೆ ಮೆಟ್ಟಿಲು, ಜಗಲಿಯಿಂದ ಒಳಗೆ ಹೊಸ್ತಿಲು, ಒಳಗೂ ಒಂದೊಂದು ಕೋಣೆಗೆ ಒಂದೊಂದು ಹೊಸ್ತಿಲು. ಬಚ್ಚಲಿಗೆ ಮತ್ತೆ ಕೆಳಗಿಳಿಯಬೇಕು. ಅಂಗಳಕ್ಕೆ ಹಾಸಿದ ಮುರಕಲ್ಲು ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಹಿಡಿದು ಜಾರುತ್ತದೆ. ಊರುಗೋಲಿನವರಿಗೆ ಅದರಷ್ಟು ಭಯದ ನೆಲ ಇನ್ನೊಂದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಬನ್ನಿ, ಅಂಗಳ ಒಣಗಿರುತ್ತದೆ.

ಹೋಂಸ್ಟೇ ನಡೆಸುವವರು ಒಳ್ಳೆಯವರು. ‘ಮೆಟ್ಟಿಲು ಉಂಟು, ಆದ್ರೆ ಚಿಂತೆ ಬೇಡ, ನಮ್ಮ ಹುಡುಗ್ರು ಎತ್ತಿ ಒಳಗೆ ಬಿಡ್ತಾರೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ದಯವಿಟ್ಟು ಆ ಮಾತಿಗೆ ಒಪ್ಪಬೇಡಿ. ಅಪರಿಚಿತ ಕೈಗಳು ಎತ್ತಿಕೊಳ್ಳುವಾಗ ಆಗುವ ಭಯ ಎತ್ತಿಸಿಕೊಂಡವರಿಗೇ ಗೊತ್ತು. ಯಾರಾದರೂ ಒಬ್ಬರ ಕಾಲು ಜಾರಿದರೂ ಬೀಳುವುದು ನಾವು. ಬ್ಯಾಟರಿ ವೀಲ್‌ಚೇರ್ ಆದರೆ ಭಾರಕ್ಕೆ ಎತ್ತುವುದೇ ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಬೇರೆ. ಎತ್ತುವವರು ಇದ್ದಾಗ ಮಾತ್ರ ಹೊರಗೆ ಬರಬೇಕು, ಅವರು ಬಿಡುವಾದಾಗ ಒಳಗೆ ಹೋಗಬೇಕು. ಸಂಜೆ ಒಬ್ಬಳೇ ಅಂಗಳಕ್ಕೆ ಬಂದು ಗಾಳಿಗೆ ಕೂರುತ್ತೇನೆ ಎಂದರೆ ಆಗುವುದಿಲ್ಲ. ಮನೆಯಲ್ಲಿ ಇಡೀ ವರ್ಷ ಇನ್ನೊಬ್ಬರನ್ನು ಕರೆದು ಸಾಕಾದವರಿಗೆ ರಜೆಯಲ್ಲಾದರೂ ತಾವಾಗಿ ಹೊರಗೆ ಬರಲು ಆಗಬೇಕು.

ಈ ಮಾತು ಹೊರಗಿನಿಂದ ಬರುವವರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಜಿಲ್ಲೆಯ ಎಣ್ಮಕಜೆ, ಪಡ್ರೆ, ಸ್ವರ್ಗ ಮುಂತಾದ ಊರುಗಳ ಕಥೆ ಎಲ್ಲರಿಗೂ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಬೆಳೆದ ಮಕ್ಕಳನ್ನು ಇಂದಿಗೂ ಸೊಂಟದ ಮೇಲೆ ಹೊರುವ ತಾಯಂದಿರು ಆ ಊರುಗಳಲ್ಲಿದ್ದಾರೆ. ಬೇಕಲದ ಕಡಲು ಅವರ ಜಿಲ್ಲೆಯದೇ ಕಡಲು. ಆ ಮಕ್ಕಳನ್ನು ಕರೆದುಕೊಂಡು ಅಲ್ಲಿ ಒಂದು ರಾತ್ರಿ ಉಳಿದು ಬರಲು ಅವರಿಗೆ ಎಷ್ಟು ಕೋಣೆಗಳಿವೆ? ಇಲ್ಲಿ ಹೊಸ ಹೋಂಸ್ಟೇ ಕಟ್ಟುವವರೆಲ್ಲ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂದು ನನಗೆ ತುಂಬ ಆಸೆ. ಕಟ್ಟುವಾಗಲೇ ಒಂದು ಕೋಣೆಯ ಬಾಗಿಲನ್ನು ಅಗಲ ಇಟ್ಟರೆ, ಬಚ್ಚಲಿನ ನೆಲವನ್ನು ಕೋಣೆಯ ಮಟ್ಟಕ್ಕೇ ತಂದು ಸಣ್ಣ ಇಳಿಜಾರು ಕೊಟ್ಟರೆ, ಖರ್ಚು ಹೆಚ್ಚೇನೂ ಆಗುವುದಿಲ್ಲ. ಆಮೇಲೆ ಒಡೆದು ಕಟ್ಟುವುದೇ ದುಬಾರಿ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಎಂದರೆ ಸರಕಾರದ್ದು ಮಾತ್ರವಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಹೌದು. ಇಂತಹ ಕಟ್ಟಡಗಳು ಅಂಗವಿಕಲರಿಗೂ ಬಳಸಲು ಆಗುವಂತಿರಬೇಕು ಎನ್ನುವ ಕೆಲವು ನಿಯಮಗಳನ್ನು ಬರೀ ಸಲಹೆಯಂತೆ ಬಿಡಬಾರದು, ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಫೋನಿನಲ್ಲಿ ಕಾನೂನು ಓದಿ ಹೇಳಿ ಎನ್ನುತ್ತಿಲ್ಲ. ಆದರೆ ದಯೆ ಕೇಳುವವರ ದನಿಯಲ್ಲಿ ಮಾತಾಡಬೇಡಿ.

ಹಾಗಾದರೆ ನಾನಾಗಿದ್ದರೆ ಎಲ್ಲಿ ಉಳಿಯುತ್ತೇನೆ? ಕಾಸರಗೋಡು ಅಥವಾ ಕಾಞಂಗಾಡು ಪೇಟೆಯಲ್ಲಿ ಲಿಫ್ಟ್ ಇರುವ, ಈಚೆಗೆ ಕಟ್ಟಿದ ಮಧ್ಯಮ ದರದ ಹೋಟೆಲಿನಲ್ಲಿ. ಬೇಕಲ ಕೋಟೆ ಈ ಎರಡು ಪೇಟೆಗಳ ನಡುವೆಯೇ ಇದೆ, ಎತ್ತ ಕಡೆಯಿಂದಲೂ ಕಾರಿನಲ್ಲಿ ಅರ್ಧ ಗಂಟೆಯ ಸುಮಾರು. ಕಿಟಕಿಯಿಂದ ಕಡಲು ಕಾಣುವುದಿಲ್ಲ, ನಿಜ. ಆಸ್ಪತ್ರೆ, ಮೆಡಿಕಲ್ ಶಾಪ್, ರೈಲ್ವೆ ಸ್ಟೇಷನ್ ಹತ್ತಿರ ಇರುತ್ತವೆ. ಇಲ್ಲೂ ಹೊಂದದಿದ್ದರೆ ಮಂಗಳೂರಿನಲ್ಲಿ ಉಳಿದು, ತಲಪಾಡಿ ಗಡಿ ದಾಟಿ ಹಗಲಿಗೆ ಬಂದು ಹೋಗಬಹುದು. ಮಂಗಳೂರಿನಿಂದ ಕಾಸರಗೋಡಿಗೆ 50 ಕಿ.ಮೀ. ಅಲ್ಲಿ ಹೋಟೆಲುಗಳ ಆಯ್ಕೆ ಹೆಚ್ಚು. ನೀಲೇಶ್ವರದ ಹತ್ತಿರ ಕೋಟಪ್ಪುರಂನಿಂದ ಹೊರಡುವ ಹೌಸ್‌ಬೋಟುಗಳಲ್ಲಿ ರಾತ್ರಿ ಉಳಿಯುವುದನ್ನು ಮಾತ್ರ ನಾನು ಹೇಳುವುದಿಲ್ಲ. ಹತ್ತಲು ಹಲಗೆ, ಒಳಗೆ ಕಿರಿದಾದ ಬಾತ್‌ರೂಮ್, ಸಾಲದ್ದಕ್ಕೆ ಅಲುಗಾಟ.

ಕೋಟೆಯ ಬಗ್ಗೆ ಹೇಳದೆ ಇದ್ದರೆ ಆಗುವುದಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ, 17ನೆಯ ಶತಮಾನದ ಈ ಕೋಟೆಯ ಒಳಗೆ ಬಯಲು ವಿಶಾಲ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿ ಇದೆ. ವೀಲ್‌ಚೇರಿಗೆ ಅದು ಕಡಿದೇ, ತಳ್ಳಲು ಗಟ್ಟಿ ಆಳು ಬೇಕು, ಇಳಿಯುವಾಗ ಹಿಮ್ಮುಖವಾಗಿ ಇಳಿಸಬೇಕು. ಆದರೂ ಅಷ್ಟು ಹಳೆಯ ಕಲ್ಲಿನ ಬುರುಜಿಗೆ ಗಾಲಿ ಏರಬಲ್ಲ ದಾರಿ ಇದೆ ಎನ್ನುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ. ಸಂಜೆಗಿಂತ ಬೆಳಗ್ಗೆ ಹೋಗಿ, ಜನ ಕಡಿಮೆ.

ಬರುವಾಗ ಕೆಲವು ಸಾಮಾನು ಜೊತೆಗಿರಲಿ. ಮಡಚುವ ಕಮೋಡ್ ಚೇರ್ ಇದ್ದರೆ ಅರ್ಧ ಚಿಂತೆ ಕಳೆಯಿತು, ಸ್ನಾನಕ್ಕೂ ಅದೇ ಆಗುತ್ತದೆ. ಬಚ್ಚಲಿಗೆ ಹೋಟೆಲಿನವರು ಕೊಡುವ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂರಿಸಬೇಡಿ, ಒದ್ದೆ ಟೈಲ್ಸಿನ ಮೇಲೆ ಅದು ಜಾರುತ್ತದೆ. ಒಂದು ರಬ್ಬರ್ ಮ್ಯಾಟ್, ಒಂದು ಟಾರ್ಚ್, ಅಳತೆ ಟೇಪು.

ಬುಕಿಂಗ್ ಮಾಡಿದ ಮೇಲೆ ಕೋಣೆಯ ನಂಬರನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ಕೆಳಗಿನ ಕೋಣೆ ಎಂದು ಹೇಳಿ, ಬಂದಾಗ ಅದು ಬೇರೆಯವರಿಗೆ ಹೋಗಿರುವುದು ನನಗೇ ಆಗಿದೆ. ಅದಕ್ಕೇ ಕತ್ತಲಾದ ಮೇಲೆ ತಲುಪುವ ರೈಲು ಬೇಡ. ಮಧ್ಯಾಹ್ನ ಎರಡು ಮೂರು ಗಂಟೆಗೆ ತಲುಪಿ. ಸಾಮಾನು ಕಾರಿನಲ್ಲೇ ಇರಲಿ. ಅಮ್ಮನೂ ಕಾರಿನಲ್ಲೇ ನೆರಳಿಗೆ ಕೂರಲಿ. ನೀವೊಬ್ಬರು ಟೇಪು ಹಿಡಿದು ಒಳಗೆ ಹೋಗಿ, ಬಾತ್‌ರೂಮಿನ ಬಾಗಿಲು ಅಳೆದು, ಕಮೋಡಿನಲ್ಲಿ ಕೂತು ಎದ್ದು ನೋಡಿ. ಸರಿಯಿದ್ದರೆ ಮಾತ್ರ ಡಿಕ್ಕಿ ತೆಗೆಯಿರಿ. ಸರಿಯಿಲ್ಲದಿದ್ದರೆ ಇನ್ನೊಂದು ಕಡೆ ಹುಡುಕಲು ಬೆಳಕು ಇನ್ನೂ ಇರುತ್ತದೆ.