ಅರ್ಕಾವತ್ತು ದಾರಿ ತಪ್ಪಿದ ದಿನ

ಬೆಳಿಗ್ಗೆ ಒಂಬತ್ತೂವರೆಗೆ ಷಟರ್ ಎತ್ತಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದೆ. ನೀಲಿ ಪರದೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು. ಅಪ್‌ಡೇಟ್ ನಡೆಯುತ್ತಿದೆ, ಶೇಕಡಾ 27 ಮುಗಿದಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಅಪ್ಪಣೆ ಬೇರೆ. ಹಿಂದಿನ ರಾತ್ರಿ ಅಂಗಡಿ ಮುಚ್ಚಿದವನು ನಮ್ಮ ಹುಡುಗ. ಯಾವ ಗುಂಡಿ ಒತ್ತಿದೆಯಪ್ಪಾ ಎಂದು ಕೇಳಿದರೆ, "ಅಲ್ಲಿ ಬೇರೆ ಗುಂಡಿಯೇ ಇರಲಿಲ್ಲ" ಎಂದ. ನೆಪ ಹೇಳುತ್ತಿದ್ದಾನೆ ಎಂದುಕೊಂಡು ಗದರಿದೆ.

ಮಂಡಿಪೇಟೆಯ ಓಣಿಯೊಂದರಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ತಿಥಿ ಕಾರ್ಡು, ಇವೇ ನಮ್ಮ ಅನ್ನ. ಕಾಯುವುದು ದಾವಣಗೆರೆಯವರಿಗೆ ಹೊಸದೇನಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಸೈಕಲ್ ಮೇಲೆ ಕೂತು ಒಂದು ಕಾಲು ನೆಲಕ್ಕೆ ಊರಿಕೊಂಡೇ ನಮ್ಮ ತಲೆಮಾರು ಬೆಳೆದಿದೆ. ಆದರೆ ಗೇಟು ಬಿದ್ದರೆ ಹಿಂದೆಯೇ ರೈಲು ಬರುತ್ತದೆ, ಹೋಗುತ್ತದೆ, ಗೇಟು ಏಳುತ್ತದೆ. ಈ ಚುಕ್ಕೆಗಳ ಹಿಂದೆ ಬರುತ್ತಿರುವುದು ಯಾವ ರೈಲು, ಎಷ್ಟು ಬೋಗಿಯದು ಎಂದು ಹೇಳುವವರು ಯಾರೂ ಇಲ್ಲ. ಹತ್ತೂ ಕಾಲಿಗೆ ಶೇಕಡಾ 30 ಇತ್ತು. ಇದ್ದಕ್ಕಿದ್ದಂತೆ 72 ಆಯಿತು. ಆಮೇಲೆ ಯಂತ್ರ ತಾನೇ ಆರಿ, ತಾನೇ ಹೊತ್ತಿಕೊಂಡು, ಮತ್ತೆ 5ರಿಂದ ಎಣಿಸತೊಡಗಿತು.

ಅಷ್ಟರಲ್ಲಿ ಜಗಳೂರು ಕಡೆಯ ಹಳ್ಳಿಯ ಹಿರಿಯರೊಬ್ಬರು ಬಂದು ಬೆಂಚಿನ ಮೇಲೆ ಕುಳಿತರು. ತಲೆ ಬೋಳಿಸಿದ್ದರು. ತಾಯಿ ತೀರಿಕೊಂಡು ಐದಾರು ದಿನ ಆಗಿತ್ತು. ಶಿವಗಣಾರಾಧನೆಯ ಕಾರ್ಡು 300 ಬೇಕು, ಸಂಜೆ ಆರೂವರೆಯ ಬಸ್ಸಿಗೆ ಹಿಡಿದುಕೊಂಡು ಹೋಗಬೇಕು. ಕಾರ್ಡಿನ ಒಕ್ಕಣೆಯನ್ನು ಮೊಮ್ಮಗ ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ. "ಒಂದು ಗಂಟೆಯ ಕೆಲಸ, ಕುಳಿತುಕೊಳ್ಳಿ" ಎಂದೆ. ಅಂದು ನಾನು ಹೇಳಿದ ಮೊದಲ ಸುಳ್ಳು ಅದು.

ಚಹಾ ತರಿಸಿದೆ. ಅವರು ಲೋಟ ಹಿಡಿದುಕೊಂಡು ನೀಲಿ ಪರದೆಯನ್ನೇ ನೋಡುತ್ತ, "ನಿಮ್ಮಲ್ಲೂ ಸರ್ವರ್ ಇಲ್ಲವೇ?" ಎಂದು ಕೇಳಿದರು. ತಾಯಿಯ ಮರಣ ಪ್ರಮಾಣಪತ್ರಕ್ಕೆಂದು ಎರಡು ದಿನ ಅಲೆದಿದ್ದರಂತೆ. ಹೋದಾಗಲೆಲ್ಲ ಒಂದೇ ಉತ್ತರ: ಸರ್ವರ್ ಇಲ್ಲ, ನಾಳೆ ಬನ್ನಿ. ನಾನು ಹುಡುಗನಾಗಿದ್ದಾಗ ಸರ್ವರ್ ಎಂದರೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ತಂದಿಡುವವನು. ಅವನು ಬರದ ದಿನ ಮಾಲೀಕನೇ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು ಬಂದು ತಟ್ಟೆ ಇಡುತ್ತಿದ್ದ. ಸರ್ವರ್ ಇಲ್ಲ, ನಾಳೆ ಬನ್ನಿ ಎಂದು ಯಾರನ್ನೂ ವಾಪಸ್ ಕಳಿಸಲಿಲ್ಲ. ಇದನ್ನು ಹೇಳಿದರೆ ನಕ್ಕಾರು ಎಂದುಕೊಂಡೆ. ಅವರು ನಗಲಿಲ್ಲ. "ಅವನಿಗಾದರೆ ಮುಖ ಇತ್ತು" ಎಂದರು.

ಹನ್ನೊಂದೂವರೆಗೆ ಪರದೆ ತೆರೆಯಿತು. ಗೋಡೆಚಿತ್ರ ಬದಲಾಗಿತ್ತು, ಕೆಳಗಿನ ಪಟ್ಟಿ ಎಡದಿಂದ ನಡುವಿಗೆ ಬಂದಿತ್ತು, ಯಾರೂ ಕೇಳದ ಹವಾಮಾನ ವರದಿ ಮೂಲೆಯಲ್ಲಿ ಕುಳಿತಿತ್ತು. ಇದ್ದ ಒಂದೇ ಒಂದು ಬೇಕಾದ ವಸ್ತು ಕಾಣಲಿಲ್ಲ: ನನ್ನ ಕನ್ನಡ. ಹದಿನೈದು ವರ್ಷದಿಂದ ನಾನು ಬಳಸುತ್ತ ಬಂದ ಟೈಪಿಂಗ್ ತಂತ್ರಾಂಶವನ್ನು ಹೊಸ ಭದ್ರತಾ ವ್ಯವಸ್ಥೆ ವೈರಸ್ಸೆಂದು ಶಂಕಿಸಿ ಪ್ರತ್ಯೇಕವಾಗಿ ಕೂಡಿಹಾಕಿತ್ತು. ಕಾರಣ ಇಲ್ಲದಿಲ್ಲ. ನಾನು ಒತ್ತಿದ ಇಂಗ್ಲಿಷ್ ಕೀಲಿಯನ್ನು ನಡುದಾರಿಯಲ್ಲಿ ತಡೆದು ಅದರ ಜಾಗದಲ್ಲಿ ಕನ್ನಡ ಅಕ್ಷರವನ್ನು ದಾಟಿಸುವುದೇ ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕಳ್ಳ ಪ್ರೋಗ್ರಾಮುಗಳೂ ಹೀಗೆಯೇ ಕೀಲಿಮಣೆಯ ಬಾಗಿಲಲ್ಲಿ ಹೊಂಚು ಹಾಕುತ್ತವೆ. ಕಳ್ಳನ ಹಾಗೆ ನಡೆಯುತ್ತದೆ ಎಂಬ ಕಾರಣಕ್ಕೆ ಕನ್ನಡ ಜೈಲಿಗೆ ಹೋಗಿತ್ತು. ಬಿಡಿಸಿಕೊಳ್ಳಲು ಹೋದರೆ, ಈ ಆವೃತ್ತಿಯಲ್ಲಿ ಇದು ಕೆಲಸ ಮಾಡುವುದಿಲ್ಲ ಎಂಬ ಉತ್ತರ.

ಇಲ್ಲಿ ನಮ್ಮ ಕಸುಬಿನ ಒಂದು ಸಂಗತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಡಿಟಿಪಿಯ ಹಳೆಯ ಕನ್ನಡ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಕಟ್ಟಿದ 256 ಕೋಣೆಗಳಲ್ಲೇ ನಮ್ಮ ತಲೆಕಟ್ಟು, ಕೊಂಬು, ಗುಡಿಸು, ಒತ್ತುಗಳು ಬಾಡಿಗೆಗೆ ಇದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ದಂಡು ಕಾಣಿಸುತ್ತದೆ. ಯೂನಿಕೋಡ್ ಬಂದು ಕನ್ನಡಕ್ಕೇ ಎಂದು 128 ಸ್ಥಾನಗಳ ನಿವೇಶನ ಕೊಟ್ಟಿತು. ಜಗಳೂರಿನ ಮೊಮ್ಮಗ ಮೊಬೈಲಿನಲ್ಲಿ ಅಜ್ಜಿಯ ತಿಥಿಯ ಒಕ್ಕಣೆ ಬರೆಯಲು ಸಾಧ್ಯವಾದದ್ದು ಅದರಿಂದಲೇ, ಅದನ್ನು ದೂರಲಾರೆ. ತೊಡಕು ಇರುವುದು ನನ್ನಂಥವರ ಬಳಿ. ಇಪ್ಪತ್ತು ವರ್ಷದ ಕಾರ್ಡುಗಳ ಮಾದರಿಗಳೆಲ್ಲ ಬಾಡಿಗೆ ಮನೆಯಲ್ಲೇ ಉಳಿದಿವೆ. ಅಲ್ಲಿಂದ ಇಲ್ಲಿಗೆ ಸಾಮಾನು ಸಾಗಿಸಲು ಪರಿವರ್ತಕಗಳಿವೆ. ಸಾಗಿಸುವಾಗ ಏನಾದರೊಂದು ಒಡೆಯುತ್ತದೆ.

ಆ ದಿನ ಒಡೆದದ್ದು ಅರ್ಕಾವತ್ತು. ಕನ್ನಡದ ಈ ಒಂದು ಚಿಹ್ನೆಗೆ ವಿಚಿತ್ರ ಸ್ವಭಾವ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕೈಯಲ್ಲಿ ಕೊನೆಗೆ. ಹಳೆಯ ಫಾಂಟು ಕೈಯ ಮಾತು ಕೇಳುತ್ತದೆ, ಯೂನಿಕೋಡು ಬಾಯಿಯ ಮಾತು ಕೇಳುತ್ತದೆ. ಪರಿವರ್ತಕಕ್ಕೆ ಈ ವ್ಯತ್ಯಾಸ ತಿಳಿಯದಿದ್ದರೆ ಕಾರ್ಯಕ್ರಮವು 'ಕಾಯರ್ಕ್ರಮ'ವಾಗುತ್ತದೆ, ಆಶೀರ್ವಾದ 'ಆಶೀವಾರ್ದ'ವಾಗುತ್ತದೆ, ಧರ್ಮ 'ಧಮರ್' ಎಂದು ನರಳುತ್ತದೆ. ನನಗೆ ಅವಸರಕ್ಕೆ ಸಿಕ್ಕ ಪರಿವರ್ತಕಕ್ಕೆ ಏನೂ ತಿಳಿದಿರಲಿಲ್ಲ.

ಇನ್ನು ವಿನ್ಯಾಸದ ಪ್ರೋಗ್ರಾಮು. ಅದನ್ನು ಒಂದು ಕಾಲದಲ್ಲಿ ಡಬ್ಬಿಯಲ್ಲಿ ಕೊಂಡಿದ್ದೆ, ಸಿ.ಡಿ. ಇನ್ನೂ ಬೀರುವಿನಲ್ಲಿದೆ. (ಅದಕ್ಕೂ ಮುಂಚೆ ಊರಿನ ಎಲ್ಲ ಅಂಗಡಿಗಳಂತೆ ನಾನೂ ನಕಲು ಸಿ.ಡಿ.ಯಲ್ಲೇ ಸಂಸಾರ ನಡೆಸಿದವನು, ಒಪ್ಪಿಕೊಂಡುಬಿಡುತ್ತೇನೆ.) ಈಗ ಕೊಳ್ಳುವುದು ಎಂಬುದಿಲ್ಲ, ತಿಂಗಳ ಬಾಡಿಗೆ. ಕನ್ನಡಕ್ಕೆ ಸ್ವಂತ ಮನೆಯಾಯಿತು, ನಾನು ಬಾಡಿಗೆದಾರನಾದೆ. ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸುವ ಶಕ್ತಿ ಈ ಪ್ರೋಗ್ರಾಮಿಗೆ ಇದೆ. ಆದರೆ ಅದು ಮೂರು ಪೆಟ್ಟಿಗೆಗಳ ಒಳಗಿನ ಒಂದು ಆಯ್ಕೆಯ ಹಿಂದೆ ಅಡಗಿದೆ, ಮತ್ತು ಪ್ರತಿ ಹೊಸ ಆವೃತ್ತಿ ಬಂದಾಗಲೂ ನನ್ನ ಕಂಪ್ಯೂಟರಿನಲ್ಲಿ ಆ ಆಯ್ಕೆ ತಾನಾಗಿ ಇಂಗ್ಲಿಷಿಗೆ ಮರಳುತ್ತದೆ. ವಾಟ್ಸ್ಆ್ಯಪ್‌ನಿಂದ ತಂದು ಅಂಟಿಸಿದ ಒಕ್ಕಣೆ 'ಕಾರ್‌ಯಕ್‌ರಮ' ಎಂದು ಬಿಡಿಬಿಡಿಯಾಗಿ ನಿಂತಿತು. ತೀರಿಕೊಂಡ ತಾಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲೂ ಒಂದು ಅರ್ಕಾವತ್ತು ಇತ್ತು ಎಂದರೆ ಸಾಕು.

ಆ ಆಯ್ಕೆ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಕಂಪನಿಯ ಸಹಾಯವಾಣಿಗೆ ಬರೆದು ಕೇಳಿದ್ದೂ ಆಯಿತು. ಯಂತ್ರವೇ ಉತ್ತರಿಸಿತು: ಅನನುಕೂಲಕ್ಕೆ ವಿಷಾದ, ಪ್ರೋಗ್ರಾಮನ್ನು ತೆಗೆದು ಮತ್ತೆ ಹಾಕಿಕೊಳ್ಳಿ. ಕೆಳಗೆ ಐದು ನಕ್ಷತ್ರ. ಈ ಉತ್ತರ ಉಪಯುಕ್ತವಾಯಿತೇ?

ಪ್ರೂಫ್ ತೆಗೆದು ಹಿರಿಯರ ಕೈಗೆ ಕೊಟ್ಟಾಗ ಮಧ್ಯಾಹ್ನ ಎರಡು ಗಂಟೆ. ಅವರು ಕನ್ನಡಕ ಏರಿಸಿ, ಪ್ರತಿ ಅಕ್ಷರದ ಕೆಳಗೆ ತೋರುಬೆರಳು ಸರಿಸುತ್ತ ಓದಿದರು. ನಾನು ಹೆಸರುಗಳನ್ನೆಲ್ಲ ತಿದ್ದಿದ್ದೆ. ಮಾದರಿಯಲ್ಲಿ ಮೊದಲೇ ಇದ್ದ ಸಾಲುಗಳನ್ನು ಯಾರು ಓದುತ್ತಾರೆ? ಬೆರಳು ಕಾರ್ಡಿನ ತುದಿಗೆ ಹೋಗಿ ನಿಂತಿತು. "ಇದೇನು, ದುಃಖತಪ್ತ ಕುಟುಂಬ ಒಗರು ಎಂದು ಹಾಕಿದ್ದೀರಿ?"

'ವರ್ಗ' ಹೋಗಿ 'ವಗರ್' ಆಗಿತ್ತು. ನನಗೆ ನೆಲ ಕುಸಿದಂತಾಯಿತು. ಅವರು ಮಾತ್ರ ಅಂದು ಮೊದಲ ಸಲ ನಕ್ಕರು. "ಸುಳ್ಳೇನಲ್ಲ ಬಿಡಿ, ಆಸ್ತಿ ಪಾಲಾದ ಮೇಲೆ ಸ್ವಲ್ಪ ಒಗರೇ" ಎಂದರು.

1994ರಲ್ಲಿ ನಾನು ಪ್ರೆಸ್ಸಿಗೆ ಕೆಲಸಕ್ಕೆ ಸೇರಿದಾಗ ಮೊಳೆ ಜೋಡಿಸುವ ಕಾಲ ಮುಗಿಯುತ್ತ ಬಂದಿತ್ತು. ಒಂದು ಮೊಳೆ ತಲೆಕೆಳಗಾದರೆ ಅದನ್ನು ಜೋಡಿಸಿದವನು ಯಾರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಅವನ ಸಂಬಳದಲ್ಲಿ ಕಾಗದದ ಹಣ ಮುರಿಯುತ್ತಿದ್ದರು. ಅದು ಸರಿಯಾದ ಕ್ರಮ ಎಂದು ನಾನು ಹೇಳುತ್ತಿಲ್ಲ. ನನ್ನ ಅಂಗಡಿಯಲ್ಲೇ ಒಮ್ಮೆ ಧಾರೆ ಮುಹೂರ್ತದ ಸಮಯ ತಪ್ಪಿ 800 ಲಗ್ನಪತ್ರಿಕೆಗಳನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಮುದ್ರಿಸಿದ್ದೇನೆ, ಹುಡುಗಿಯ ಸೋದರಮಾವನ ಬೈಗುಳ ಬೇರೆ. ಈ ಪ್ರೋಗ್ರಾಮುಗಳನ್ನು ಹಾಕಿಕೊಳ್ಳುವಾಗ 'ಒಪ್ಪಿದ್ದೇನೆ' ಎಂದು ಒತ್ತುತ್ತೇವಲ್ಲ, ಆ ಕರಾರನ್ನು ನಾನೊಮ್ಮೆ ಕುಳಿತು ಓದಿದೆ. ಸರಕು ಇದ್ದದ್ದು ಇದ್ದ ಹಾಗೆ ಕೊಟ್ಟಿದೆ, ಇದರಿಂದ ನಿಮಗಾಗುವ ನಷ್ಟಕ್ಕೆ ನಾವು ಹೊಣೆಯಲ್ಲ ಎಂಬುದು ಅದರ ಸಾರ. ಮಂಡಿಪೇಟೆಯಲ್ಲಿ ಕಿರಾಣಿ ಅಂಗಡಿಯವರು ಇಂಥ ಬೋರ್ಡು ಹಾಕಿಕೊಂಡು ಒಂದು ವಾರ ವ್ಯಾಪಾರ ಮಾಡಲಿ ನೋಡೋಣ!

2024ರ ಜುಲೈ 19ರಂದು ಯಾವುದೋ ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ನನ್ನ ಅಂಗಡಿಗೆ ಅದು ತಟ್ಟಲಿಲ್ಲ. ಟಿ.ವಿ.ಯಲ್ಲಿ ಆ ಕೈಬರಹದ ಚೀಟಿ ನೋಡಿ, ದೊಡ್ಡವರಿಗೂ ಹೀಗಾಯಿತಲ್ಲ ಎಂದು ಒಳಗೊಳಗೇ ಸಂತೋಷಪಟ್ಟವನು ನಾನು. ಆ ಪಾಪ ಈಗ ಸುತ್ತಿಕೊಂಡಿರಬೇಕು.

ತಿದ್ದುಪಡಿ ಮಾಡಿ ಸೇವ್ ಒತ್ತಿದೆ. ಪರದೆ ಮಂಕಾಯಿತು. 'ಪ್ರೋಗ್ರಾಂ ಸ್ಪಂದಿಸುತ್ತಿಲ್ಲ.' ಐದು ನಿಮಿಷ ಮೌಸ್ ಮುಟ್ಟದೆ, ಉಸಿರು ಬಿಗಿಹಿಡಿದು ಕುಳಿತೆ. ಆಮೇಲೆ ಅದು ಮುಚ್ಚಿಕೊಂಡಿತು, ತಿದ್ದಿದ್ದೆಲ್ಲವನ್ನೂ ಜೊತೆಗೆ ಒಯ್ದಿತು.

"ಅಟ್ಟದ ಮೇಲಿನದನ್ನು ಇಳಿಸು" ಎಂದೆ ಹುಡುಗನಿಗೆ.

ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿತ್ತು ವಿಂಡೋಸ್ ಎಕ್ಸ್‌ಪಿಯ ಹಳೆಯ ಯಂತ್ರ. ಆ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತುಹೋಗಿದೆ, ಇದಕ್ಕೆ ಇಂಟರ್‌ನೆಟ್ ತಂತಿಯನ್ನೇ ನಾನು ಕಿತ್ತು ಹಾಕಿದ್ದೇನೆ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿರುವುದರಿಂದ ಹೊತ್ತಿಸಿದಾಗಲೆಲ್ಲ ಅದಕ್ಕೆ 2002ರ ಜನವರಿ 1. ಹಿಂಬದಿಯ ಫ್ಯಾನಿನಿಂದ ಜೇಡರ ಬಲೆ ತೆಗೆದು ಗುಂಡಿ ಒತ್ತಿದರೆ, ಗೊರಗೊರ ಎಂದು ಕೆಮ್ಮಿ ಎದ್ದು ಕುಳಿತಿತು. ನನ್ನ ತಂತ್ರಾಂಶ ಅಲ್ಲಿತ್ತು. ಫಾಂಟು ಅಲ್ಲಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಿಟ್ಟು ನನ್ನ ಬೆರಳುಗಳಿಗೆ ಬೇರೇನೂ ಗೊತ್ತಿಲ್ಲ. ಅವು ತಾವೇ ಓಡಿದವು. ಹಿರಿಯರು ಮೊಬೈಲ್ ಹಿಡಿದು ಗಟ್ಟಿಯಾಗಿ ಓದಿದರು, ನಾನು ಬಡಿದೆ. ತಾಯಿಯ ಹೆಸರು ಬಂದಾಗ ಅವರ ದನಿ ಕಟ್ಟಿತು. ನಾನು ತಿರುಗಿ ನೋಡದೆ, ಗಕಾರವೋ ವಕಾರವೋ ಯಾವುದಾದರೇನು, ಅಕ್ಷರ ಹೊಡೆದು ಅದರ ಹೆಗಲಿಗೆ ಅರ್ಕಾವತ್ತನ್ನು ಏರಿಸಿದೆ. ಇಪ್ಪತ್ತೆರಡು ನಿಮಿಷ ಹಿಡಿಯಿತು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹೊಸ ಪ್ರಿಂಟರಿಗೆ ಈ ಮುದುಕನ ಭಾಷೆ ಬರುವುದಿಲ್ಲ. ಪಿ.ಡಿ.ಎಫ್. ಮಾಡಿ, ಪೆನ್ ಡ್ರೈವಿಗೆ ಹಾಕಿ, ಹೊಸ ಯಂತ್ರಕ್ಕೆ ಚುಚ್ಚಿ, ಅದು ಪೆನ್ ಡ್ರೈವನ್ನು ಸಂಶಯದಿಂದ ತಪಾಸಣೆ ಮಾಡಿ ಮುಗಿಸುವವರೆಗೆ ಕಾದು ಪ್ರಿಂಟ್ ತೆಗೆದೆವು. ಪಕ್ಕದ ಓಣಿಯ ಮಿನಿ ಆಫ್‌ಸೆಟ್ಟಿಗೆ ಹುಡುಗ ಓಡಿದ. ಐದೂಮುಕ್ಕಾಲಿಗೆ 300 ಕಾರ್ಡು ಇನ್ನೂ ಹಸಿ ಶಾಯಿಯ ವಾಸನೆಯೊಂದಿಗೆ ಬಂದವು. ನಾನು ಹಣ ಕಡಿಮೆ ಮಾಡಲು ಹೋದೆ. ಅವರು ಒಪ್ಪಲಿಲ್ಲ, ಪೂರ್ತಿ ಎಣಿಸಿ ಕೊಟ್ಟರು. ತಪ್ಪು ಪ್ರೂಫನ್ನೂ ನಾಲ್ಕಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. "ತಮ್ಮನಿಗೆ ತೋರಿಸುತ್ತೇನೆ, ನಗಲಿ" ಎಂದರು.

ಅವರು ಹೋದ ಮೇಲೆ ನಾನೂ ಹುಡುಗನೂ ಮಂಡಕ್ಕಿ ಮಿರ್ಚಿ ತಿಂದೆವು. ಮಧ್ಯಾಹ್ನದ ಊಟದ ನೆನಪಾದದ್ದೇ ಆಗ. ಹಳೆಯದನ್ನು ಅಟ್ಟಕ್ಕೆ ಏರಿಸಲೇ ಎಂದು ಅವನು ಕೇಳಿದ. ಬೇಡ, ಮೇಜಿನ ಕೆಳಗೇ ಇರಲಿ ಎಂದೆ.

ರಾತ್ರಿ ಎಂಟೂವರೆಗೆ ಹೊಸ ಯಂತ್ರವನ್ನು ಆಫ್ ಮಾಡಲು ಹೋದರೆ ಪಟ್ಟಿಯಲ್ಲಿ ಎರಡೇ ಆಯ್ಕೆ: ಅಪ್‌ಡೇಟ್ ಮಾಡಿ ಮುಚ್ಚು, ಅಪ್‌ಡೇಟ್ ಮಾಡಿ ಮತ್ತೆ ತೆರೆ. ಹುಡುಗ ನನ್ನ ಹೆಗಲ ಹಿಂದೆಯೇ ನಿಂತಿದ್ದ. ಏನೂ ಹೇಳಲಿಲ್ಲ. ನಾನೂ ಏನೂ ಹೇಳದೆ ಮಾನಿಟರನ್ನು ಮಾತ್ರ ಆರಿಸಿ, ಷಟರ್ ಎಳೆದು ಬೀಗ ಹಾಕಿದೆ. ಒಳಗೆ ಫ್ಯಾನು ತಿರುಗುವ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿದಂತಾಯಿತು.